ಒಂದು ಸೆಮಿಸ್ಟರ್ ಜರ್ಮನಿಗೆ: ಹುಬ್ಬಳ್ಳಿಯಲ್ಲೇ ಮುಗಿಸಿಕೊಂಡು ಹೋಗಬೇಕಾದ ಕೆಲಸಗಳು

ಜೂನಿಯರ್‌ಗಳು ನನ್ನನ್ನು ಕೇಳುವ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಅಕ್ಕಾ, ವೀಸಾ ಸಿಗ್ತದೇನ್ರಿ?" ಕಾಗದಪತ್ರ ಸರಿ ಇದ್ದವರಿಗೆ ವೀಸಾ ಅಷ್ಟು ದೊಡ್ಡ ತಲೆನೋವಲ್ಲ. ತಲೆನೋವು ಇರೋದು ವಿದ್ಯಾನಗರದಲ್ಲಿ, ನಮ್ಮದೇ ಡಿಪಾರ್ಟ್‌ಮೆಂಟಿನಲ್ಲಿ, ಎಚ್‌ಓಡಿ (ವಿಭಾಗದ ಮುಖ್ಯಸ್ಥರ) ಮೇಜಿನ ಮೇಲೆ. ಅದನ್ನು ಮೊದಲು ಬಿಡಿಸಿಕೊಳ್ಳಿ. ಉಳಿದದ್ದು ತಾನಾಗಿ ಸಾಲಿಗೆ ಬರುತ್ತದೆ.

ನಾನು ಧಾರವಾಡದ ಸಪ್ತಾಪುರದವಳು. ದಿನಾ ಚಿಗರಿ ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋಗಿ ಮೆಕ್ಯಾನಿಕಲ್ ಓದಿದೆ. ಮಧ್ಯೆ ಒಂದು ಚಳಿಗಾಲದ ಸೆಮಿಸ್ಟರ್ ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಕಳೆದೆ. ಬೇರೆ ದೇಶಕ್ಕೆ ಹೋಗುವವರಿಗೂ ಇದರಲ್ಲಿ ಅರ್ಧ ಉಪಯೋಗಕ್ಕೆ ಬರುತ್ತದೆ. ದುಡ್ಡು, ವೀಸಾ ಲೆಕ್ಕ ಮಾತ್ರ ಜರ್ಮನಿಯದು.

ಎಕ್ಸ್‌ಚೇಂಜ್ ಅಂದರೆ ಎಂಎಸ್ ಮಾಡಲು ಹೋದ ಹಾಗಲ್ಲ. ನಮ್ಮ ಕಾಲೇಜಿಗೂ ಅಲ್ಲಿನ ವಿಶ್ವವಿದ್ಯಾಲಯಕ್ಕೂ ಒಪ್ಪಂದ ಇರುತ್ತದೆ. ಫೀ ಇಲ್ಲೇ ಕಟ್ಟುತ್ತೀರಿ. ಅಲ್ಲಿ ಟ್ಯೂಷನ್ ಫೀ ಇಲ್ಲ, ಸೆಮಿಸ್ಟರ್ ಶುಲ್ಕ ಅಂತ ಒಂದಿಷ್ಟು ಕಟ್ಟಬೇಕು. ಅದರಲ್ಲಿ ಸಾಮಾನ್ಯವಾಗಿ ಬಸ್ಸು, ಟ್ರಾಮ್ ಪಾಸ್ ಕೂಡ ಸೇರಿರುತ್ತದೆ. ನಿಮ್ಮ ಹೆಸರನ್ನು ಮೊದಲು ನಮ್ಮ ಕಾಲೇಜು ಕಳಿಸಬೇಕು, ಆಮೇಲೆ ಅವರು ಅರ್ಜಿ ಕೇಳುತ್ತಾರೆ. ಅಂದಮೇಲೆ ಏಜೆಂಟ್ ಏನು ಮಾಡುತ್ತಾನೆ? ಏನೂ ಇಲ್ಲ. ಕನ್ಸಲ್ಟೆನ್ಸಿ ಬೋರ್ಡು ನೋಡಿ ಮೆಟ್ಟಿಲು ಹತ್ತಬೇಡಿ, ಸುಮ್ನೆ ದುಡ್ಡು ದಂಡ. ಕಾಲೇಜಿನ ಇಂಟರ್‌ನ್ಯಾಷನಲ್ ಆಫೀಸಿಗೆ ಹೋಗಿ ಒಪ್ಪಂದಗಳ ಪಟ್ಟಿ ಕೇಳಿ. ಐರೋಪ್ಯ ಒಕ್ಕೂಟದ ಎರಾಸ್ಮಸ್ ಪ್ಲಸ್ ಸ್ಕಾಲರ್‌ಶಿಪ್ ಇರುವ ಒಪ್ಪಂದ ಯಾವುದಾದರೂ ಇದೆಯಾ ಅಂತಲೂ ಅಲ್ಲೇ ಕೇಳಿಬಿಡಿ. ಇದ್ದರೆ ಖರ್ಚಿನ ಲೆಕ್ಕವೇ ಬದಲಾಗುತ್ತದೆ. ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್‌ಗೆ ಶುರು. ಅದಕ್ಕೆ ಓಡಾಟವನ್ನು ಹಿಂದಿನ ಡಿಸೆಂಬರ್, ಜನವರಿಯಲ್ಲೇ ಶುರು ಮಾಡಿ.

ಸಬ್ಜೆಕ್ಟ್ ಹೊಂದಿಸುವ ಕೆಲಸ

ಇದರ ಮೇಲೆ ನಿಮ್ಮ ಪೂರ್ತಿ ಸೆಮಿಸ್ಟರ್ ನಿಂತಿದೆ. ಅಲ್ಲಿ ಓದಿದ್ದಕ್ಕೆ ಇಲ್ಲಿ ಕ್ರೆಡಿಟ್ ಸಿಗಬೇಕು. ಸಿಗದಿದ್ದರೆ ಬಂದಮೇಲೆ ಜೂನಿಯರ್‌ಗಳ ಜೊತೆ ಕೂತು ಅದೇ ಪೇಪರ್ ಮತ್ತೆ ಬರೆಯಬೇಕು.

ಒಂದು ಎಕ್ಸೆಲ್ ಶೀಟ್ ಮಾಡಿ. ಮೊದಲ ಕಾಲಮ್ಮಿನಲ್ಲಿ ನಮ್ಮ ಸಬ್ಜೆಕ್ಟ್. ಎರಡನೆಯದರಲ್ಲಿ ಅವರ ಸಬ್ಜೆಕ್ಟ್. ಮೂರನೆಯದರಲ್ಲಿ ಎರಡಕ್ಕೂ ಕೂಡುವ ಯೂನಿಟ್‌ಗಳು. ನಾಲ್ಕನೆಯದರಲ್ಲಿ ಕೂಡದೇ ಉಳಿದದ್ದು. ಬಹಳ ಜನ ಮೊದಲ ಎರಡು ಕಾಲಮ್ ತುಂಬಿ "ಹೆಸರು ಒಂದೇ ಅದಲ್ಲಾ ಸರ್" ಅಂತ ಹೋಗಿ ನಿಲ್ಲುತ್ತಾರೆ. ಸಹಿ ಆಗೋದಿಲ್ಲ. ಸರ್ ನೋಡೋದು ಮೂರು ಮತ್ತು ನಾಲ್ಕನೇ ಕಾಲಮ್ಮನ್ನೇ.

ನಮ್ಮ ಹೀಟ್ ಟ್ರಾನ್ಸ್‌ಫರ್ ಪೇಪರನ್ನೇ ತೆಗೆದುಕೊಳ್ಳಿ. ಕಂಡಕ್ಷನ್, ಫಿನ್ಸ್, ಕನ್ವೆಕ್ಷನ್, ರೇಡಿಯೇಷನ್, ಹೀಟ್ ಎಕ್ಸ್‌ಚೇಂಜರ್ ಅಂತ ಐದು ಯೂನಿಟ್. ನಾನು ಆರಿಸಿದ ಅಲ್ಲಿನ ಪೇಪರಿನಲ್ಲಿ ಹೀಟ್ ಎಕ್ಸ್‌ಚೇಂಜರ್ ಇರಲಿಲ್ಲ. ಅದನ್ನು ಮುಚ್ಚಿಡದೆ ನಾಲ್ಕನೇ ಕಾಲಮ್ಮಿನಲ್ಲಿ ಕೆಂಪಕ್ಷರದಲ್ಲೇ ಬರೆದಿದ್ದೆ. ಸರ್ ಎರಡೂ ಸಿಲಬಸ್ ಪಕ್ಕಪಕ್ಕ ಇಟ್ಟುಕೊಂಡು, ಪೆನ್ಸಿಲ್‌ನಿಂದ ಒಂದೊಂದೇ ಸಾಲಿಗೆ ಟಿಕ್ ಹಾಕುತ್ತ ಬಂದರು. ಕೊನೆಗೆ ಕನ್ನಡಕ ತೆಗೆದು, "ಐದರಾಗ ನಾಕು ಕೂಡಿದ್ರ ಸಹಿ ಮಾಡ್ತೀನಿ. ಉಳಿದ ಒಂದಕ್ಕ ಬಂದಮ್ಯಾಗ ಅಸೈನ್‌ಮೆಂಟ್ ಬರದು ಕೊಡು" ಅಂದರು. ಆ ಮಾತನ್ನೂ ಶೀಟಿನ ಕೆಳಗೆ ಬರೆಸಿ ಸಹಿ ಹಾಕಿಸಿಕೊಂಡೆ. ನೀವೂ ಹಾಗೇ ಮಾಡಿ. ಬಾಯಿಮಾತಿಗೆ ಬೆಲೆ ಇಲ್ಲ ಅಂತಲ್ಲ. ನೀವು ವಾಪಸ್ ಬರುವಷ್ಟರಲ್ಲಿ ಎಚ್‌ಓಡಿ ಬದಲಾಗಿರಬಹುದು, ಅಷ್ಟೇ.

ಕ್ರೆಡಿಟ್ ಲೆಕ್ಕವೂ ಬೇರೆ. ಯುರೋಪಿನಲ್ಲಿ ಇಸಿಟಿಎಸ್ ಅಂತಾರೆ, ಒಂದು ಸೆಮಿಸ್ಟರ್‌ಗೆ 30. ಅವರದು ಕ್ಲಾಸು, ಮನೆಯಲ್ಲಿ ಓದು, ಪರೀಕ್ಷೆ ತಯಾರಿ ಎಲ್ಲಾ ಸೇರಿಸಿ ಹಾಕಿದ ಗಂಟೆಗಳ ಲೆಕ್ಕ. ನಮ್ಮದು ವಾರಕ್ಕೆ ಎಷ್ಟು ಗಂಟೆ ಪಾಠ ಅನ್ನುವ ಲೆಕ್ಕ. ಹಾಗಾಗಿ ಅಲ್ಲಿನ 5 ಇಲ್ಲಿ 5 ಆಗೋದಿಲ್ಲ. ನಿಮ್ಮ ಕಾಲೇಜು ಯಾವ ಸೂತ್ರ ಹಿಡಿಯುತ್ತದೆ ಅಂತ ಪರೀಕ್ಷಾ ವಿಭಾಗದಿಂದ ಕಾಗದದಲ್ಲಿ ತೆಗೆದುಕೊಳ್ಳಿ. ಗ್ರೇಡ್‌ಗೂ ಇದೇ ಮಾತು. ಜರ್ಮನಿಯಲ್ಲಿ 1.0 ಅಂದರೆ ಎಲ್ಲಕ್ಕಿಂತ ಮೇಲು, 4.0 ಅಂದರೆ ಬರೀ ಪಾಸು, 5.0 ಅಂದರೆ ಫೇಲು. ಮನೆಯಲ್ಲಿ ಮೊದಲೇ ಹೇಳಿಡಿ. "1.7 ಬಂತು" ಅಂದಾಗ ನಮ್ಮಪ್ಪ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ.

ಸಬ್ಜೆಕ್ಟ್ ಆರಿಸುವಾಗ ಪಾಠ ಯಾವ ಭಾಷೆಯಲ್ಲಿ ಅನ್ನುವ ಸಾಲು ನೋಡಿ. ಎಷ್ಟೋ ಸಲ ಹೆಸರು ಇಂಗ್ಲಿಷಿನಲ್ಲಿರುತ್ತದೆ, ಪಾಠ ಜರ್ಮನ್‌ನಲ್ಲಿ ನಡೆಯುತ್ತದೆ. ಬೇಕಾದ್ದಕ್ಕಿಂತ ಎರಡು ಪೇಪರ್ ಜಾಸ್ತಿ ಹೊಂದಿಸಿ ಸಹಿ ಮಾಡಿಸಿಡಿ. ಅಲ್ಲಿ ಹೋದಮೇಲೆ ಟೈಮ್‌ಟೇಬಲ್ ಒಂದರ ಮೇಲೊಂದು ಬಂದರೆ ಆಗ ಬದಲಿ ಕೈಯಲ್ಲೇ ಇರುತ್ತದೆ. ಎಲೆಕ್ಟಿವ್ ಜಾಸ್ತಿ ಇರುವ ಸೆಮಿಸ್ಟರ್ ಆರಿಸಿಕೊಂಡರೆ ಹೊಂದಿಸೋದು ಸುಲಭ. ಕೋರ್ ಪೇಪರ್, ಲ್ಯಾಬ್ ಹೊಂದಿಸೋದು ಕಷ್ಟ. ಏಳನೇ ಸೆಮಿಸ್ಟರ್ ಬೇಡ ಅನ್ನೋದು ನನ್ನ ಅಭಿಪ್ರಾಯ. ಕ್ಯಾಂಪಸ್‌ಗೆ ಕಂಪನಿಗಳು ಬರುವ ಹೊತ್ತಿಗೆ ನೀವು ಅಲ್ಲಿ ಮಂಜು ನೋಡುತ್ತ ಕೂತಿರುತ್ತೀರಿ.

ಇನ್ನೊಂದು ತೊಡಕು ಕ್ಯಾಲೆಂಡರ್. ನಮ್ಮ ಸೆಮಿಸ್ಟರ್ ಡಿಸೆಂಬರ್ ಹೊತ್ತಿಗೆ ಮುಗಿಯುತ್ತದೆ. ಅವರ ಪಾಠ ಫೆಬ್ರವರಿ ಶುರುವಿನವರೆಗೆ ನಡೆದು, ಆಮೇಲೆ ಪರೀಕ್ಷೆ. ಅಷ್ಟರಲ್ಲಿ ಇಲ್ಲಿ ಮುಂದಿನ ಸೆಮಿಸ್ಟರ್ ಕ್ಲಾಸು ಶುರುವಾಗಿರುತ್ತದೆ. ಆ ವಾರಗಳ ಅಟೆಂಡೆನ್ಸ್ ಮತ್ತು ಮೊದಲ ಇಂಟರ್ನಲ್ಸ್‌ಗೆ ವಿನಾಯಿತಿ ಕೇಳಿ ಹೋಗುವ ಮುಂಚೆಯೇ ಅರ್ಜಿ ಕೊಡಿ.

ದುಡ್ಡು ಮತ್ತು ವೀಸಾ

ಸ್ಕಾಲರ್‌ಶಿಪ್ ಇಲ್ಲದಿದ್ದರೆ ಬ್ಲಾಕ್ಡ್ ಅಕೌಂಟ್ ತೆರೆಯಬೇಕು. ಅಂದರೆ ಅಲ್ಲಿನ ಖರ್ಚಿನ ದುಡ್ಡನ್ನು ವೀಸಾಕ್ಕಾಗಿ ಮೊದಲೇ ತುಂಬಿ ತೋರಿಸುವ ಖಾತೆ. 2024ರ ಸೆಪ್ಟೆಂಬರ್‌ನಿಂದ ಅದರ ಲೆಕ್ಕ ತಿಂಗಳಿಗೆ 992 ಯೂರೋ, ವರ್ಷಕ್ಕೆ 11,904. ಒಂದೇ ಸೆಮಿಸ್ಟರ್ ಹೋಗುವವರಿಗೆ ತಿಂಗಳ ಲೆಕ್ಕ. ಆರು ತಿಂಗಳಿಗೆ 5,952 ಯೂರೋ. ಯೂರೋಗೆ ನೂರು ರೂಪಾಯಿ ಅಂತ ಹಿಡಿದರೂ ಆರು ಲಕ್ಷದ ಹತ್ತಿರ. ಈ ಮೊತ್ತ ಆಗಾಗ ಏರುತ್ತದೆ, ಅರ್ಜಿ ಹಾಕುವ ದಿನದ ಲೆಕ್ಕ ನೋಡಿಕೊಳ್ಳಿ. ದುಡ್ಡು ಎಲ್ಲೂ ಹೋಗೋದಿಲ್ಲ, ಅಲ್ಲಿ ಹೋದಮೇಲೆ ತಿಂಗಳು ತಿಂಗಳು ನಿಮಗೇ ವಾಪಸ್ ಬರುತ್ತದೆ. ವೀಸಾ ಸಿಗದಿದ್ದರೂ ವಾಪಸ್ ಬರುತ್ತದೆ. ಇದನ್ನು ಮನೆಯಲ್ಲಿ ಕೂತು ನಿಧಾನವಾಗಿ ತಿಳಿಸಿ ಹೇಳಿ. ನಮ್ಮ ಕಾಕಾಗೆ ಇಂದಿಗೂ ನಂಬಿಕೆ ಬಂದಿಲ್ಲ.

ಹಣ ಕಳಿಸಲು ಬ್ಯಾಂಕಿನಲ್ಲಿ ಎ2 ಫಾರ್ಮ್ ತುಂಬಬೇಕು. ಚಿಕ್ಕ ಶಾಖೆಯಲ್ಲಿ ಅದನ್ನು ನೋಡಿದವರೇ ಇರೋದಿಲ್ಲ. ವಿದೇಶಿ ವಿನಿಮಯ ಮಾಡುವ ದೊಡ್ಡ ಶಾಖೆಗೇ ನೇರ ಹೋಗಿ. ವರ್ಷಕ್ಕೆ ಕಳಿಸುವ ಒಟ್ಟು ಹಣ 10 ಲಕ್ಷ ದಾಟದಿದ್ದರೆ ಟಿಸಿಎಸ್ (ಹಣ ಕಳಿಸುವಾಗಲೇ ಬ್ಯಾಂಕು ವಸೂಲಿ ಮಾಡುವ ತೆರಿಗೆ) ಹಿಡಿಯೋದಿಲ್ಲ. ಈ ಮಿತಿ 2025ರ ಏಪ್ರಿಲ್‌ನಿಂದ ಬಂದದ್ದು.

ಪಾಸ್‌ಪೋರ್ಟಿಗೆ ಬೆಂಗಳೂರಿಗೆ ಹೋಗಬೇಕಿಲ್ಲ, ಹುಬ್ಬಳ್ಳಿಯಲ್ಲೇ ಸೇವಾ ಕೇಂದ್ರ ಇದೆ. ವೀಸಾಕ್ಕೆ ಮಾತ್ರ ಬೆಂಗಳೂರೇ ಗತಿ. 90 ದಿನ ದಾಟುವ ವಾಸಕ್ಕೆ ಷೆಂಗೆನ್ ಟೂರಿಸ್ಟ್ ವೀಸಾ ನಡೆಯೋದಿಲ್ಲ, ನ್ಯಾಷನಲ್ ವೀಸಾ ಬೇಕು. ಶುಲ್ಕ 75 ಯೂರೋ. ಅಲ್ಲಿನ ವಿಶ್ವವಿದ್ಯಾಲಯದ ಪ್ರವೇಶಪತ್ರ ಬಂದ ದಿನವೇ ಅರ್ಜಿ ಶುರು ಮಾಡಿ, ವಾರಗಟ್ಟಲೆ ಹಿಡಿಯುತ್ತದೆ. ಅಪಾಯಿಂಟ್‌ಮೆಂಟ್ ಬೆಳಗ್ಗೆ ಇದ್ದರೆ ಹಿಂದಿನ ರಾತ್ರಿಯ ರೈಲು ಹತ್ತಿ. ಝೆರಾಕ್ಸ್ ಎಲ್ಲಾ ಇಲ್ಲೇ ಮಾಡಿಸಿಕೊಂಡು ಹೋಗಿ. ಕಾಲೇಜಿನ ಎನ್‌ಓಸಿಯಲ್ಲಿ (ಅಭ್ಯಂತರ ಇಲ್ಲ ಅನ್ನುವ ಪತ್ರ) ಹೋಗುವ ತಾರೀಖು, ಬರುವ ತಾರೀಖು ಎರಡೂ ಇರಲಿ. ವೀಸಾ ಕೈಗೆ ಬಂದ ಕೂಡಲೇ ಅದರಲ್ಲಿರುವ ತಾರೀಖು ಓದಿ. ನಿಮ್ಮ ಕೊನೆಯ ಪರೀಕ್ಷೆಗಿಂತ ಮುಂಚೆ ಅದು ಮುಗಿಯುತ್ತಿದ್ದರೆ, ಅಲ್ಲಿನ ವಿದೇಶಿಯರ ಕಚೇರಿಯಲ್ಲಿ ವಿಸ್ತರಣೆ ಮಾಡಿಸಬೇಕು.

ಚೀಲದಲ್ಲಿ ಏನಿರಲಿ

ಮೊದಲು ಕಹಿ ಸುದ್ದಿ: ಫೇಡಾ ಬೇಡ. ಹೊರದೇಶದಿಂದ ಬರುವವರು ಹಾಲಿನ ಪದಾರ್ಥ, ಮಾಂಸ ಐರೋಪ್ಯ ಒಕ್ಕೂಟದೊಳಗೆ ತರುವ ಹಾಗಿಲ್ಲ. ಫೇಡಾ ಪೂರ್ತಿ ಖೋವಾ. ತುಪ್ಪವೂ ಬೇಡ. ಧಾರವಾಡದವಳಾಗಿ ಕೈ ಬೀಸಿಕೊಂಡು ಹೋಗೋದು ಹೇಗೆ ಅಂತ ಅವ್ವ ಬಹಳ ಬೇಜಾರು ಮಾಡಿಕೊಂಡಳು. ಹಸಿ ಕರಿಬೇವನ್ನೂ ಬಿಡಿ, ಸೊಪ್ಪು ತರಕಾರಿಗೆ ಪ್ರಮಾಣಪತ್ರ ಕೇಳುತ್ತಾರೆ. ನೆರಳಲ್ಲಿ ಒಣಗಿಸಿ ಪುಡಿ ಮಾಡಿಕೊಂಡು ಹೋಗಿ.

ಒಯ್ಯಬೇಕಾದ್ದು ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ, ಗುರೆಳ್ಳು ಚಟ್ನಿ, ಒಂದಿಷ್ಟು ಮಸಾಲೆ ಖಾರ. ರೊಟ್ಟಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿದರೆ ಅಲ್ಲಿ ತೆಗೆಯುವಾಗ ನುಚ್ಚು ಸಿಗುತ್ತದೆ. ಅಗಲದ ಸ್ಟೀಲ್ ಡಬ್ಬಿಯಲ್ಲಿ ಒಂದರ ಮೇಲೊಂದು ಇಟ್ಟು, ಸುತ್ತ ಖಾಲಿ ಬಿಟ್ಟ ಜಾಗಕ್ಕೆ ಹತ್ತಿ ಬಟ್ಟೆ ತುರುಕಿ. ಚಟ್ನಿಪುಡಿಗೆ ಎಣ್ಣೆ ಹಾಕದೆ ಒಯ್ಯಿರಿ, ಸೂಟ್‌ಕೇಸಿನ ಬಟ್ಟೆ ಉಳಿಯುತ್ತದೆ.

ಜೋಳದ ಹಿಟ್ಟು ಸ್ವಲ್ಪ ಒಯ್ದು ಅಲ್ಲಿ ಬಿಸಿ ರೊಟ್ಟಿ ಮಾಡೋಣ ಅನ್ನಿಸುತ್ತದೆ. ಮಾಡಿ. ಆದರೆ ಹೊತ್ತು ನೋಡಿ ಮಾಡಿ. ಜರ್ಮನಿಯಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಸದ್ದು ಮಾಡುವ ಹಾಗಿಲ್ಲ. ಹಾಸ್ಟೆಲ್ ಅಡುಗೆಮನೆಯಲ್ಲಿ ನಾನು ರೊಟ್ಟಿ ಬಡಿಯುವಾಗ ಪಕ್ಕದ ರೂಮಿನ ಹುಡುಗಿ ಬಂದು, ಯಾರೋ ಬಾಗಿಲು ಬಡಿಯುತ್ತಿದ್ದಾರಾ ಅಂತ ಕೇಳಿದಳು. ಬಿಸಿ ರೊಟ್ಟಿಗೆ ಚಟ್ನಿ ಹಚ್ಚಿ ಕೊಟ್ಟೆ. ಆಮೇಲೆ ಅವಳೇ ಹಿಟ್ಟು ಕಲಸೋದು ಕಲಿತಳು. ಒಗ್ಗರಣೆ ಹಾಕುವಾಗ ಕಿಟಕಿ ತೆರೆದಿಡಿ, ಹೊಗೆಯ ಅಲಾರಂ ಕೂಗಿಕೊಂಡರೆ ಇಡೀ ಮಹಡಿ ಹೊರಗೆ ಬರುತ್ತದೆ.

ಸ್ವೆಟರ್, ಜಾಕೆಟ್ ಇಲ್ಲಿಂದ ಕೊಂಡೊಯ್ಯಬೇಡಿ. ಧಾರವಾಡದ ಚಳಿಗೆ ಮಾಡಿದ್ದು ಅಲ್ಲಿ ಸಾಲೋದಿಲ್ಲ, ಸೂಟ್‌ಕೇಸಿನ ತೂಕ ಮಾತ್ರ ತಿನ್ನುತ್ತದೆ. ಅಲ್ಲಿನ ಸೆಕೆಂಡ್‌ಹ್ಯಾಂಡ್ ಅಂಗಡಿಗಳಲ್ಲಿ ಒಳ್ಳೆಯ ಜಾಕೆಟ್ ಸಿಗುತ್ತದೆ. ನೀರು ಒಳಗೆ ಹೋಗದ ಬೂಟು ಮಾತ್ರ ಮೊದಲ ವಾರವೇ ಕೊಳ್ಳಿ.

ಮೊದಲ ಎರಡು ವಾರ

ಇಲ್ಲಿ ಒಂದಕ್ಕೊಂದು ಗಂಟು. ಮನೆ ವಿಳಾಸ ಇಲ್ಲದೆ ನಗರ ಕಚೇರಿಯಲ್ಲಿ ನೋಂದಣಿ ಆಗೋದಿಲ್ಲ. ನೋಂದಣಿ ಕಾಗದ ಇಲ್ಲದೆ ಎಷ್ಟೋ ಬ್ಯಾಂಕುಗಳು ಖಾತೆ ತೆರೆಯೋದಿಲ್ಲ. ಖಾತೆ ಇಲ್ಲದೆ ಬ್ಲಾಕ್ಡ್ ಅಕೌಂಟಿನ ದುಡ್ಡು ಬರೋದಿಲ್ಲ. ಅದಕ್ಕೇ ಹಾಸ್ಟೆಲ್ ಅರ್ಜಿಯನ್ನು ಪ್ರವೇಶಪತ್ರ ಬಂದ ಕೂಡಲೇ ಹಾಕಿ. ವಿದ್ಯಾರ್ಥಿಗಳ ಹಾಸ್ಟೆಲ್‌ಗಳನ್ನು ನಡೆಸೋದು ಸ್ಟುಡೆಂಟನ್‌ವೆರ್ಕ್ ಅನ್ನುವ ಸಂಸ್ಥೆ, ಅಲ್ಲಿ ಕಾಯುವ ಪಟ್ಟಿ ಉದ್ದ ಇರುತ್ತದೆ. ಮೊದಲ ತಿಂಗಳಿನ ಬಾಡಿಗೆ, ಡಿಪಾಸಿಟ್, ಊಟಕ್ಕೆ ಆಗುವಷ್ಟು ದುಡ್ಡು ಫಾರೆಕ್ಸ್ ಕಾರ್ಡಿನಲ್ಲಿ ಬೇರೆಯೇ ಇರಲಿ.

ಮನೆ ಸೇರಿದ ಎರಡು ವಾರದೊಳಗೆ ನೋಂದಣಿ ಮಾಡಿಸಬೇಕು, ಇದಕ್ಕೆ ಆನ್‌ಮೆಲ್ಡುಂಗ್ ಅಂತಾರೆ. ಮನೆ ಮಾಲೀಕರು ಸಹಿ ಮಾಡಿದ ಕಾಗದ ಬೇಕು. ಆರೋಗ್ಯ ವಿಮೆ ಇಲ್ಲದೆ ವಿಶ್ವವಿದ್ಯಾಲಯ ಸೇರಿಸಿಕೊಳ್ಳೋದಿಲ್ಲ. 30ರೊಳಗಿನ ವಿದ್ಯಾರ್ಥಿಗಳಿಗೆ ಅಲ್ಲಿನ ಸರ್ಕಾರಿ ವಿಮೆ ತಿಂಗಳಿಗೆ ಸುಮಾರು 140 ಯೂರೋ ಆಗುತ್ತದೆ. ಅದನ್ನು 992ರೊಳಗೇ ಲೆಕ್ಕ ಹಾಕಿಕೊಳ್ಳಿ.

ಭಾನುವಾರ ಅಂಗಡಿ ಮುಚ್ಚಿರುತ್ತವೆ. ಶನಿವಾರವೇ ಹಾಲು, ಅಕ್ಕಿ ತಂದಿಡಿ. ಡ್ರೆಸ್ಡೆನ್ ಇರುವ ಸ್ಯಾಕ್ಸನಿ ರಾಜ್ಯಕ್ಕೆ ಮಾತ್ರ ನವೆಂಬರ್‌ನಲ್ಲಿ ಒಂದು ಬುಧವಾರ ರಜೆ ಇರುತ್ತದೆ, ಅವತ್ತೂ ಅದೇ ಕಥೆ. ನೀರಿನ ಪ್ಲಾಸ್ಟಿಕ್ ಬಾಟಲಿ ಎಸೆಯಬೇಡಿ, ಅಂಗಡಿಯ ಯಂತ್ರಕ್ಕೆ ಹಾಕಿದರೆ ಒಂದಕ್ಕೆ 25 ಸೆಂಟ್ ವಾಪಸ್. ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೆಲ್ಲಾ ಕತ್ತಲು. ಅವ್ವ ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿದರೆ ಅಲ್ಲಿ ಸಂಜೆ ನಾಲ್ಕೂವರೆ. ಆ ಹೊತ್ತಿಗೆ ಮನೆಯವರ ದನಿ ಕೇಳೋದು ಒಳ್ಳೆಯದೇ.

ಪಾಠ, ಪರೀಕ್ಷೆ

ಅಲ್ಲಿ ಬಹುತೇಕ ಪೇಪರ್‌ಗಳಿಗೆ ಇಂಟರ್ನಲ್ಸ್ ಇಲ್ಲ. ಅಟೆಂಡೆನ್ಸ್ ಕೇಳುವವರೂ ಕಡಿಮೆ. ಕೊನೆಯ ಒಂದು ಪರೀಕ್ಷೆಯೇ ಎಲ್ಲಾ. ಮೊದಲ ಎರಡು ತಿಂಗಳು ಆರಾಮ ಅನ್ನಿಸುತ್ತದೆ, ಜನವರಿಯಲ್ಲಿ ಗೊತ್ತಾಗುತ್ತದೆ. ನಮ್ಮಲ್ಲಿಯ ಹಾಗೆ ಸೆಮಿಸ್ಟರ್‌ಗೆ ಸೇರಿದ ಮಾತ್ರಕ್ಕೆ ಪರೀಕ್ಷೆಗೆ ಹೆಸರು ಬರೋದಿಲ್ಲ. ಪ್ರತಿ ಪೇಪರ್‌ಗೂ ಪೋರ್ಟಲ್‌ನಲ್ಲಿ ಬೇರೆ ನೋಂದಣಿ, ಅದಕ್ಕೆ ಬೇರೆ ಕೊನೆಯ ದಿನ. ಅದು ತಪ್ಪಿದರೆ ಹಾಲ್‌ಗೆ ಬಿಡೋದಿಲ್ಲ. ಮೊದಲ ಕ್ಲಾಸಿನಲ್ಲೇ ಆ ದಿನ ಕೇಳಿ ಬರೆದಿಟ್ಟುಕೊಳ್ಳಿ. ಬೇಗ ವಾಪಸ್ ಬರಬೇಕಿದ್ದರೆ ನವೆಂಬರ್‌ನಲ್ಲೇ ಪ್ರೊಫೆಸರ್ ಹತ್ತಿರ ಹೋಗಿ, ಎಕ್ಸ್‌ಚೇಂಜ್ ವಿದ್ಯಾರ್ಥಿ, ಮುಂಚೆ ಮೌಖಿಕ ಪರೀಕ್ಷೆ ತೆಗೆದುಕೊಳ್ಳಬಹುದಾ ಅಂತ ಕೇಳಿ. ಕೆಲವರು ಒಪ್ಪುತ್ತಾರೆ. ಪಾಠ ಮುಗಿದಾಗ ಎಲ್ಲರೂ ಗೆಣ್ಣಿನಿಂದ ಬೆಂಚು ಕುಟ್ಟುತ್ತಾರೆ, ಗಾಬರಿ ಬೀಳಬೇಡಿ. ಅದು ಚಪ್ಪಾಳೆ.

ಪೇಪರ್ ಬದಲಿಸಿದರೆ ಅವತ್ತೇ ಎಚ್‌ಓಡಿಗೆ ಮೇಲ್ ಹಾಕಿ, ಸರಿ ಅನ್ನುವ ಉತ್ತರ ಬಂದಮೇಲೆ ಮುಂದುವರಿಯಿರಿ.

ಬರುವ ಮುಂಚೆ

ನಗರ ಕಚೇರಿಯಲ್ಲಿ ಊರು ಬಿಡುವ ಸೂಚನೆ ಕೊಡಿ. ವಿಮೆ, ಫೋನ್ ಕಾಂಟ್ರಾಕ್ಟ್ ಬರವಣಿಗೆಯಲ್ಲಿ ನಿಲ್ಲಿಸಿ, ಇಲ್ಲದಿದ್ದರೆ ಖಾತೆಯಿಂದ ದುಡ್ಡು ಹೋಗುತ್ತಲೇ ಇರುತ್ತದೆ. ಹಾಸ್ಟೆಲ್ ಡಿಪಾಸಿಟ್ ವಾಪಸ್ ಬರುವವರೆಗೆ ಬ್ಯಾಂಕ್ ಖಾತೆ ಮುಚ್ಚಬೇಡಿ.

ಅಂಕಪಟ್ಟಿ ನೀವು ಹೊರಡುವ ದಿನಕ್ಕೆ ಸಿದ್ಧ ಇರೋದಿಲ್ಲ. ಫಲಿತಾಂಶ ಬಂದಮೇಲೆ ನೇರ ನಮ್ಮ ಕಾಲೇಜಿಗೆ ಕಳಿಸಲು ಅಲ್ಲಿನ ಇಂಟರ್‌ನ್ಯಾಷನಲ್ ಆಫೀಸಿಗೆ ಹೇಳಿ ಬನ್ನಿ, ಒಂದು ಪ್ರತಿ ನಿಮಗೂ ಇರಲಿ. ಅದು ಬಂದ ಕೂಡಲೇ ಸಹಿ ಮಾಡಿಸಿದ ಹಳೆಯ ಶೀಟು, ಗ್ರೇಡ್ ಸೂತ್ರದ ಕಾಗದ, ಎಚ್‌ಓಡಿ ಮೇಲ್‌ಗಳ ಪ್ರಿಂಟು ಸೇರಿಸಿ ಪರೀಕ್ಷಾ ವಿಭಾಗಕ್ಕೆ ಕೊಡಿ. ಕೊಟ್ಟು ಹಾಗೇ ಬರಬೇಡಿ. ನಿಮ್ಮ ಪ್ರತಿಯ ಮೇಲೆ ಇನ್‌ವರ್ಡ್ ನಂಬರ್, ತಾರೀಖು, ಸೀಲು ಹಾಕಿಸಿಕೊಳ್ಳಿ. ವಾರ ಬಿಟ್ಟು ಹೋಗಿ ಅದೇ ನಂಬರ್ ಹೇಳಿ ಕೇಳಿ.