ಉಣುಗಿನಿಂದ ಶುರುಮಾಡಿದ ಪಾಠ

ಎಂಟನೆಯ ತರಗತಿಯ ಸೂಕ್ಷ್ಮಜೀವಿಗಳ ಪಾಠ ಪುಸ್ತಕದ ಪ್ರಕಾರ ಮಳೆಗಾಲದಲ್ಲೇ ಮುಗಿಯಬೇಕು. ನಾನು ಅದನ್ನು ಎರಡಾಗಿ ಒಡೆದಿದ್ದೇನೆ. ಮೊಸರು, ಯೀಸ್ಟು, ಹಿಟ್ಟು ಹುಳಿ ಬರುವುದು ಇವೆಲ್ಲ ಜುಲೈಯಲ್ಲಿ. ರೋಗ ಹರಡುವುದು ಮತ್ತು ದೇಹ ಅದಕ್ಕೆ ಎದುರು ನಿಲ್ಲುವುದು ನವೆಂಬರಿಗೆ. ನಮ್ಮದು ಸಾಗರ ತಾಲ್ಲೂಕಿನ ಕಡೆಯ ಹಳ್ಳಿ ಶಾಲೆ. ಅಡಿಕೆ ಕೊಯ್ಲಿನ ಹೊತ್ತಿಗೆ ಮಕ್ಕಳ ಮನೆಯವರು ದರಕು (ಒಣಗಿದ ಎಲೆ) ತರಲು, ಸೊಪ್ಪು ಕಡಿಯಲು ಬೆಟ್ಟ ಹತ್ತುತ್ತಾರೆ. ಅದೇ ಕಾಲಕ್ಕೆ ಕಾಡಿನಲ್ಲಿ ರಕ್ತ ಹೀರುವ ಮರಿ ಉಣುಗುಗಳ (ಉಣ್ಣಿಗಳ) ಕಾಟ ಶುರುವಾಗುತ್ತದೆ. ಉಣುಗು ಕಚ್ಚಿ ಬರುವ ವೈರಸ್ ಜ್ವರವಾದ ಮಂಗನ ಕಾಯಿಲೆಯ (ವೈದ್ಯರ ಮಾತಿನಲ್ಲಿ ಕ್ಯಾಸನೂರು ಕಾಡಿನ ಕಾಯಿಲೆಯ) ಮಾತು ಮನೆಮನೆಯಲ್ಲಿ ಎದ್ದಿರುವಾಗ ತರಗತಿಯಲ್ಲಿ ಇನ್ಫ್ಲುಯೆಂಜಾದ ಉದಾಹರಣೆ ಕೊಟ್ಟು ಮುಗಿಸಿದರೆ ಮಕ್ಕಳು ಬರೆದುಕೊಳ್ಳುತ್ತಾರೆ, ಅಷ್ಟೆ.

ಶುರುವಿನಲ್ಲಿ ನಾನೇನೂ ಹೇಳುವುದಿಲ್ಲ. ಈ ಕಾಯಿಲೆ ಕಾಡಿನಿಂದ ಮನುಷ್ಯರಿಗೆ ಹೇಗೆ ಬರುತ್ತದೋ ಚಿತ್ರ ಬರೆಯಿರಿ ಅನ್ನುತ್ತೇನೆ. ಹೆಚ್ಚಿನ ಚಿತ್ರಗಳಲ್ಲಿ ಮಂಗ ಮನುಷ್ಯನನ್ನು ಕಚ್ಚುತ್ತಿರುತ್ತದೆ, ಇಲ್ಲವೇ ಸತ್ತ ಮಂಗದ ಮೇಲಿಂದ ಬೀಸಿದ ಗಾಳಿ ಊರಿಗೆ ಬರುತ್ತಿರುತ್ತದೆ. ಕೆಲವರು ಆಸ್ಪತ್ರೆಯ ಮಂಚದ ಮೇಲಿನ ರೋಗಿಯಿಂದ ಪಕ್ಕದವರಿಗೆ ಬಾಣದ ಗುರುತು ಹಾಕಿರುತ್ತಾರೆ. ಈ ಚಿತ್ರಗಳನ್ನು ತಿದ್ದದೆ ಗೋಡೆಗೆ ಅಂಟಿಸಿ 1957ರ ಕಥೆಗೆ ಹೋಗುತ್ತೇನೆ.

ಆ ವರ್ಷ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳೂ ಮುಸ್ಯಗಳೂ ಸಾಲುಸಾಲಾಗಿ ಸತ್ತವು. ಸುತ್ತಲಿನ ಹಳ್ಳಿಗಳಲ್ಲಿ ಜನ ವಿಪರೀತ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಗಾಬರಿಯಿಂದಲೇ ಬಂದರು. ಮಂಗಗಳನ್ನು ಹೀಗೆ ಕೊಲ್ಲುವ, ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದಲ್ಲಿರುವ ಹಳದಿ ಜ್ವರ ಏಷ್ಯಾಕ್ಕೂ ಕಾಲಿಟ್ಟಿತೇ ಎಂಬ ಅನುಮಾನ ಅವರದು. ಸತ್ತ ಮಂಗದಿಂದ ವೈರಸ್ ಬೇರ್ಪಡಿಸಿ ನೋಡಿದಾಗ ಅದು ಹಳದಿ ಜ್ವರದ್ದಲ್ಲ, ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮಿದುಳುಜ್ವರದ ವೈರಸ್ಸಿನ ಹತ್ತಿರದ ಸಂಬಂಧಿ ಎಂದು ಗೊತ್ತಾಯಿತು. ಹಾಗಾದರೆ ಇಲ್ಲಿಯೂ ಹುಡುಕಬೇಕಾದ್ದು ಏನನ್ನು? ಇಷ್ಟು ಹೇಳಿ ನಿಲ್ಲಿಸಿದರೆ ಸಾಕು, ಹಿಂದಿನ ಬೆಂಚಿನಿಂದ ಉತ್ತರ ಬರುತ್ತದೆ. ನಮ್ಮ ಪಕ್ಕದ ತಾಲ್ಲೂಕಿನ ಕಾಡಿನ ಹೆಸರು ಪ್ರಪಂಚದ ವೈದ್ಯಶಾಸ್ತ್ರದ ಪುಸ್ತಕಗಳಲ್ಲಿ ಇದೆ ಎಂದರೆ ಮಕ್ಕಳಿಗೆ ಒಂದು ಬಗೆಯ ಹೆಮ್ಮೆ. ಹೆಮ್ಮೆಪಡುವ ಸಂಗತಿಯೇ ಅಂತ ನಾನೂ ಕೇಳಲು ಹೋಗುವುದಿಲ್ಲ.

ಉಣುಗನ್ನು ಕಣ್ಣಿಂದ ನೋಡಬೇಕು. ಅದಕ್ಕೆ ಮಕ್ಕಳನ್ನು ಕಾಡಿಗೆ ಕಳಿಸುವ ಮಾತೇ ಇಲ್ಲ. ಮಳೆಗಾಲದಲ್ಲಿ ನಾನೇ ಕೊಟ್ಟಿಗೆಯ ದನದ ಮೈಯಿಂದ ಚಿಮಟದಲ್ಲಿ ತೆಗೆದು ಸ್ಪಿರಿಟ್ಟಿನ ಸೀಸೆಯಲ್ಲಿ ಹಾಕಿಟ್ಟಿರುತ್ತೇನೆ. ಅದು ಮಂಗನ ಕಾಯಿಲೆಯ ಉಣುಗಿನ ಜಾತಿಯೇ ಆಗಿರಬೇಕೆಂದಿಲ್ಲ, ರಚನೆ ನೋಡಲು ಯಾವುದಾದರೂ ಆದೀತು. ಭೂತಗನ್ನಡಿ ಹಿಡಿದು ಕಾಲು ಎಣಿಸಿದರೆ ಎಂಟು. ‘ಹಾಗಾದ್ರೆ ಇದು ಹುಳ ಅಲ್ಲ, ಜೇಡನ ಜಾತಿ’ ಅಂತ ಯಾರಾದರೂ ಅಂದೇ ಅನ್ನುತ್ತಾರೆ. ಮೊಟ್ಟೆಯಿಂದ ಬಂದ ಮರಿಗೆ ಮಾತ್ರ ಆರೇ ಕಾಲು. ಅದು ಮಂಗದಂಥ ಪ್ರಾಣಿಯ ರಕ್ತ ಹೀರಿ, ಪೊರೆ ಬಿಟ್ಟು ಎಂಟು ಕಾಲಿನ ಮುಂದಿನ ಹಂತಕ್ಕೆ ಹೋಗುತ್ತದೆ. ಮೊದಲ ಊಟದಲ್ಲಿ ಸಿಕ್ಕ ವೈರಸ್ ಪೊರೆ ಬಿಟ್ಟರೂ ಹೋಗುವುದಿಲ್ಲ, ಮುಂದಿನ ಕಡಿತದಲ್ಲಿ ದಾಟುತ್ತದೆ. ನಮಗೆ ಕಚ್ಚುವುದು ಹೆಚ್ಚಾಗಿ ಈ ನಡುವಿನ ಹಂತದ್ದು, ಎಳ್ಳಿಗಿಂತ ಚಿಕ್ಕದು, ನವೆಂಬರಿನಿಂದ ಮೇವರೆಗೆ ಅದರ ಕಾಲ. ಬೆಳೆದ ಉಣುಗಿಗೆ ದನವೇ ಆಸರೆ. ಮಂಗ ಸತ್ತರೆ ಅದರ ಮೈಮೇಲಿದ್ದವೆಲ್ಲ ಕೆಳಗಿನ ತರಗೆಲೆಗೆ ಉದುರುತ್ತವೆ. ಸತ್ತ ಮಂಗದ ಹತ್ತಿರ ಹೋಗಬೇಡಿ, ಆರೋಗ್ಯ ಇಲಾಖೆಗೆ ತಿಳಿಸಿ ಎಂದು ಆಶಾ ಕಾರ್ಯಕರ್ತೆಯರು ಹೇಳುವುದಕ್ಕೆ ಕಾರಣ ಈಗ ಮಕ್ಕಳಿಗೆ ತಾನಾಗಿ ತಿಳಿಯುತ್ತದೆ. ಗೋಡೆಯ ಚಿತ್ರಗಳನ್ನು ಅವರೇ ತಿದ್ದುತ್ತಾರೆ. ಆಸ್ಪತ್ರೆ ಮಂಚದ ಬಾಣವನ್ನು ನಾನೇ ನೆನಪಿಸಿ ಅಳಿಸಿಸುತ್ತೇನೆ. ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ. ಕಾಯಿಲೆ ಬಂದ ಮನೆಯ ಹುಡುಗಿಯ ಪಕ್ಕ ಯಾರೂ ಕೂರದ ದಿನಗಳನ್ನು ಶಾಲೆಯಲ್ಲಿ ನೋಡಿದವರಿಗೆ ಆ ಒಂದು ಬಾಣ ಎಷ್ಟು ಮುಖ್ಯ ಅನ್ನುವುದು ಗೊತ್ತು.

ಮನುಷ್ಯರಿಂದ ಮನುಷ್ಯರಿಗೆ ಹರಡುವ ಕಾಯಿಲೆ ಬೇರೆ ಥರ ಅಂತ ತೋರಿಸಲು ಮರುದಿನ ಓಕುಳಿ ಪ್ರಯೋಗ. ಪ್ರತಿಯೊಬ್ಬರಿಗೂ ಅರ್ಧ ಲೋಟ ನೀರು. ಒಂದು ಲೋಟದಲ್ಲಿ ಮಾತ್ರ ಯಾರಿಗೂ ಗೊತ್ತಾಗದಂತೆ ವಾಷಿಂಗ್ ಸೋಡ ಕರಗಿಸಿರುತ್ತೇನೆ. ಕುಡಿಯಬಾರದು, ಕೈಗೆ ತಾಗಿಸಿಕೊಳ್ಳಬಾರದು ಎಂಬ ಎಚ್ಚರಿಕೆ ಮೊದಲೇ. ತರಗತಿಯಲ್ಲಿ ಅಡ್ಡಾಡುತ್ತ ಇಬ್ಬಿಬ್ಬರು ನೀರು ಬೆರೆಸಿ ಮತ್ತೆ ಅರ್ಧರ್ಧ ಹಂಚಿಕೊಳ್ಳಬೇಕು, ಹೀಗೆ ಮೂರು ಬಾರಿ. ಕೊನೆಗೆ ಎಲ್ಲರ ಲೋಟಕ್ಕೂ ಅರಿಸಿನದ ನೀರು ಬಿಟ್ಟರೆ ಕೆಲವು ಹಳದಿಯಾಗಿಯೇ ಇರುತ್ತವೆ, ಕೆಲವು ಕೆಂಪಾಗುತ್ತವೆ. ಒಂದರಿಂದ ಶುರುವಾಗಿ ಎಂಟರವರೆಗೆ. ಮೊದಲ ಲೋಟ ಯಾರದೆಂದು ಹಿಂದಕ್ಕೆ ಲೆಕ್ಕ ಹಾಕಿ ಹುಡುಕಿ ಎಂದರೆ ಅರ್ಧ ಪಿರಿಯಡ್ ಗದ್ದಲ. ಶೀತ, ದಡಾರದ ಬಗ್ಗೆ ನಾನು ಬೇರೆ ಭಾಷಣ ಮಾಡುವುದಿಲ್ಲ.

ಇನ್ನು ದೇಹದ ಮಾತು. ಬಿಳಿ ರಕ್ತಕಣಗಳೆಂದರೆ ಸೈನಿಕರು, ರೋಗಾಣು ಶತ್ರು, ಯುದ್ಧ ನಡೆಯುತ್ತದೆ ಎಂಬ ಕಥೆಯನ್ನು ನಾನು ತರಗತಿಯಿಂದ ಹೊರಗಿಟ್ಟಿದ್ದೇನೆ. ಮಕ್ಕಳಿಗೆ ಅದು ಇಷ್ಟವೇ. ಆದರೆ ಆ ಕಥೆಯಲ್ಲಿ ಎರಡು ಮುಖ್ಯ ಸಂಗತಿಗಳು ಕಳೆದುಹೋಗುತ್ತವೆ. ಒಂದು, ದೇಹಕ್ಕೆ ದಿನಗಳು ಬೇಕು. ಇನ್ನೊಂದು, ದೇಹ ನೆನಪಿಟ್ಟುಕೊಳ್ಳುತ್ತದೆ. ಸೈನಿಕ ಯಾವಾಗಲೂ ತಯಾರಾಗಿಯೇ ನಿಂತಿರುತ್ತಾನಲ್ಲ, ಆಮೇಲೆ ಲಸಿಕೆ ಯಾಕೆ ಬೇಕು ಅಂತ ಮಗು ಕೇಳಿದರೆ ಮೇಷ್ಟ್ರ ಹತ್ತಿರ ಉತ್ತರವಿರುವುದಿಲ್ಲ.

ಬದಲಿಗೆ ಅವರಿಗೆ ಗೊತ್ತಿರುವ ಒಂದು ನೋವಿನಿಂದ ಹೊರಡುತ್ತೇನೆ. ಕಾಲಿಗೆ ಮುಳ್ಳು ಚುಚ್ಚಿ ಕೀವಾದಾಗ ತೊಡೆಸಂದಿಯಲ್ಲಿ ಗಂಟು ಕಟ್ಟುವುದಿಲ್ಲವೇ? ಗಾಯ ಪಾದದಲ್ಲಿ, ಗಂಟು ಮೇಲೆ. ಯಾಕೆ? ಅಲ್ಲಿರುವುದು ದುಗ್ಧಗ್ರಂಥಿ. ಗಾಯದಿಂದ ಬಂದ ರೋಗಾಣುವಿನ ಚೂರುಗಳು ಅಲ್ಲಿಗೆ ತಲುಪುತ್ತವೆ. ಆ ಚೂರನ್ನು ಗುರುತಿಸಬಲ್ಲ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು ಮೊದಲು ಬೆರಳೆಣಿಕೆಯಷ್ಟೇ. ಅವು ಒಡೆದು ಒಡೆದು ಸಂಖ್ಯೆ ಹೆಚ್ಚಿಸಿಕೊಳ್ಳುವಾಗ ಗ್ರಂಥಿ ಊದಿಕೊಳ್ಳುತ್ತದೆ. ಇಷ್ಟು ತಿಳಿದ ಮೇಲೆ ಮಕ್ಕಳು ತಮ್ಮ ಗದ್ದದ ಕೆಳಗೆ ಕೈಯಾಡಿಸಿ ನೋಡಿಕೊಳ್ಳುತ್ತಾರೆ.

ಆಮೇಲೆ ಹಗ್ಗ. ತರಗತಿಯ ಗೋಡೆಯುದ್ದಕ್ಕೂ ಒಂದು ಹಗ್ಗ ಕಟ್ಟಿ, ಮೊಳಕ್ಕೊಂದು ದಿನದಂತೆ ಚೀಟಿ ಸಿಕ್ಕಿಸುತ್ತೇವೆ. ಮೊದಲ ಚೀಟಿ ಉಣುಗು ಕಚ್ಚಿದ ದಿನ. ಮೂರರಿಂದ ಎಂಟು ದಿನ ಏನೂ ಗೊತ್ತಾಗುವುದಿಲ್ಲ, ವೈರಸ್ ಮಾತ್ರ ಒಳಗೆ ಹೆಚ್ಚುತ್ತಿರುತ್ತದೆ. ನಂತರ ಇದ್ದಕ್ಕಿದ್ದಂತೆ ಜ್ವರ, ತಲೆ ಸಿಡಿತ, ಮೈಕೈ ನೋವು. ಜ್ವರ ರೋಗಾಣು ಮಾಡುವ ಕೆಲಸವೋ ದೇಹ ಮಾಡುವ ಕೆಲಸವೋ ಎಂದು ಕೈ ಎತ್ತಿಸಿದರೆ ತರಗತಿ ಇಬ್ಭಾಗವಾಗುತ್ತದೆ. ದೇಹದ ಕೋಶಗಳೇ ಮಿದುಳಿಗೆ ರಾಸಾಯನಿಕ ಸುದ್ದಿ ಕಳಿಸಿ ಕಾವು ಏರಿಸಿಕೊಳ್ಳುತ್ತವೆ ಎಂಬುದನ್ನು ಒಪ್ಪಲು ಅವರಿಗೆ ಹೊತ್ತು ಹಿಡಿಯುತ್ತದೆ. ಹಾಗೆಂದು ಜ್ವರ ಒಳ್ಳೆಯದು, ಆಸ್ಪತ್ರೆ ಬೇಡ ಎಂಬ ಅರ್ಥ ಬರಬಾರದು, ಅದನ್ನು ಅಲ್ಲೇ ಹೇಳಿಬಿಡುತ್ತೇನೆ. ಜ್ವರದ ಐದಾರನೆಯ ದಿನದ ಹೊತ್ತಿಗೆ ಪ್ರತಿಕಾಯಗಳು, ಅಂದರೆ ರೋಗಾಣುವಿಗೆ ಅಂಟಿಕೊಂಡು ಅದನ್ನು ತಡೆಯಲು ದೇಹ ತಯಾರಿಸುವ ಪ್ರೋಟೀನುಗಳು, ರಕ್ತದಲ್ಲಿ ಸಿಗಲು ಶುರು. ಹತ್ತರಲ್ಲಿ ಒಬ್ಬಿಬ್ಬರಿಗೆ ಜ್ವರ ಬಿಟ್ಟು ವಾರ ಎರಡು ವಾರದ ಮೇಲೆ ಮತ್ತೆ ಬರುತ್ತದೆ, ಆಗ ಮಿದುಳಿಗೂ ತೊಂದರೆ. ಸಾಯುವವರ ಪ್ರಮಾಣ ನೂರಕ್ಕೆ ಮೂರರಿಂದ ಐದು ಎನ್ನುವುದನ್ನು ಯಾರಾದರೂ ಕೇಳಿದರೆ ಮಾತ್ರ ಹೇಳುತ್ತೇನೆ, ಬೋರ್ಡಿನ ಮೇಲೆ ಬರೆಯುವುದಿಲ್ಲ. 2018ರ ಕೊನೆಯಲ್ಲಿ ನಮ್ಮ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಕಾಯಿಲೆ ಎದ್ದಾಗಿನ ಸಾವುಗಳನ್ನು ನಮ್ಮ ಕಡೆಯವರು ಮರೆತಿಲ್ಲ, ಆ ಮನೆಗಳ ನೆಂಟರ ಮಕ್ಕಳೂ ತರಗತಿಯಲ್ಲಿ ಇರಬಹುದು.

ಲಸಿಕೆಯ ಪಾಠಕ್ಕೆ ಮನೆಗೆಲಸ: ಅಜ್ಜಿಯ ತೋಳು ನೋಡಿಕೊಂಡು ಬನ್ನಿ. ಅಲ್ಲಿ ಸಿಡುಬಿಗೆ ದಾಕು ಹಾಕಿಸಿಕೊಂಡ ಅಗಲ ಕಲೆ. ಮಕ್ಕಳ ಎಡತೋಳಿನಲ್ಲಿ ಕ್ಷಯದ ಲಸಿಕೆ ಬಿಸಿಜಿಯ ಚಿಕ್ಕ ಕಲೆ. ಅಪ್ಪ ಅಮ್ಮನ ತೋಳಿನಲ್ಲಿ ಅಜ್ಜಿಯದರಂಥ ಕಲೆ ಯಾಕಿಲ್ಲ ಎಂಬ ಪ್ರಶ್ನೆ ಬಂದಾಗ, ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ 1975ರಲ್ಲಿ, 1980ರಲ್ಲಿ ಜಗತ್ತಿನಿಂದಲೇ ಅದು ಹೋಯಿತೆಂದು ಘೋಷಣೆ, ಎನ್ನುವುದಕ್ಕೆ ಒಂದು ಜಾಗ ಸಿಗುತ್ತದೆ.

ಆದರೆ ಅವರ ನಿಜವಾದ ಪ್ರಶ್ನೆ ಬೇರೆ. ‘ನಮ್ಮ ಮಾವ ಇಂಜೆಕ್ಷನ್ ತಗೊಂಡಿದ್ರು, ಆದ್ರೂ ಮಂಗನ ಕಾಯಿಲೆ ಬಂತಲ್ಲ ಸಾರ್?’ ಇದಕ್ಕೆ ಹುಣಸೆ ಬೀಜ ಬೇಕು. 2005ರಿಂದ 2010ರವರೆಗಿನ ದಾಖಲೆ ನೋಡಿ ಮಾಡಿದ ಅಧ್ಯಯನದಲ್ಲಿ ಎರಡು ಡೋಸ್ ಪಡೆದವರಿಗೆ ಲಸಿಕೆಯ ಪರಿಣಾಮ ಶೇಕಡಾ 62, ಬೂಸ್ಟರನ್ನೂ ಪಡೆದವರಿಗೆ ಶೇಕಡಾ 83 ಎಂದು ಕಂಡಿತು. ನೂರರಲ್ಲಿ 62 ಜನರಿಗೆ ಮಾತ್ರ ರಕ್ಷಣೆ, ಉಳಿದ 38 ಜನರಿಗೆ ಕಾಯಿಲೆ ಬಂದೇ ಬರುತ್ತದೆ ಎಂದು ಮಕ್ಕಳು ಓದುತ್ತಾರೆ. ಮಕ್ಕಳೇನು, ದೊಡ್ಡವರೂ ಹಾಗೇ ಓದುತ್ತಾರೆ. ಮೂರು ತಟ್ಟೆಗಳಲ್ಲಿ ನೂರು ನೂರು ಬೀಜ ಇಡುತ್ತೇವೆ. ಲಸಿಕೆ ಪಡೆಯದ ನೂರು ಜನರಲ್ಲಿ ಹತ್ತು ಮಂದಿಗೆ ಕಾಯಿಲೆ ಬಂತೆಂದು ಇಟ್ಟುಕೊಳ್ಳೋಣ, ಹತ್ತು ಬೀಜಕ್ಕೆ ಸುಣ್ಣ ಹಚ್ಚಿ. ಎರಡು ಡೋಸಿನ ತಟ್ಟೆಯಲ್ಲಿ ಸುಣ್ಣದ ಬೀಜ ಸುಮಾರು ನಾಲ್ಕು, ಬೂಸ್ಟರಿನ ತಟ್ಟೆಯಲ್ಲಿ ಸುಮಾರು ಎರಡು. ಮಾವ ಆ ನಾಲ್ಕರಲ್ಲಿ ಒಬ್ಬರಾಗಿರಬಹುದು. ಹತ್ತು ನಾಲ್ಕಾಗಿದ್ದು ಅವರ ಕಣ್ಣಿಗೆ ಬಿದ್ದಿರುವುದಿಲ್ಲ, ಮಾವ ಮಾತ್ರ ಬಿದ್ದಿರುತ್ತಾರೆ. ಬೂಸ್ಟರ್ ಯಾಕೆ ಎನ್ನುವುದಕ್ಕೆ ಹಗ್ಗದ ಬಳಿಗೇ ಮರಳಬೇಕು: ರೋಗಾಣುವನ್ನು ನೆನಪಿಟ್ಟ ಹಿಂದಿನ ಸಲದ ಜ್ಞಾಪಕ ಕೋಶಗಳು ಉಳಿದಿದ್ದರೆ ಪ್ರತಿಕಾಯ ಬೇಗ ಬರುತ್ತದೆ, ಅದರ ಚೀಟಿ ಎಡಕ್ಕೆ ಸರಿಯುತ್ತದೆ. ಒಬ್ಬ ಹುಡುಗ ಎದ್ದು ಬಂದು ಚೀಟಿಯನ್ನು ಕೈಯಾರೆ ಸರಿಸುತ್ತಾನೆ.

ಆ ಲಸಿಕೆ ಈಗ ಕೊಡುತ್ತಿಲ್ಲ, ಹೊಸದರ ಕೆಲಸ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಕಡೆಯಿಂದ ನಡೆದಿದೆ. ನಿಂತುಹೋದ ಲಸಿಕೆಯ ಲೆಕ್ಕ ಮಕ್ಕಳಿಗೆ ಯಾಕೆ ಎಂದು ಸಹೋದ್ಯೋಗಿಯೊಬ್ಬರು ಕೇಳಿದ್ದರು. ಹೊಸದು ಬಂದಾಗಲೂ ಊರಿನಲ್ಲಿ ಒಬ್ಬ ಮಾವನಿಗೆ ಕಾಯಿಲೆ ಬರುತ್ತದೆ, ಆಗ ಜಗಲಿಯ ಮೇಲೆ ಮಾತಾಡುವವರು ಈ ಮಕ್ಕಳೇ.

ಪರೀಕ್ಷೆಗೆ ನಾನು ಇಡುವ ಪ್ರಶ್ನೆ ಹೀಗಿರುತ್ತದೆ: ಬೆಟ್ಟಕ್ಕೆ ಹೋಗಿ ಬಂದವರೊಬ್ಬರಿಗೆ ಜ್ವರ ಬಂದ ಎರಡನೆಯ ದಿನ ರಕ್ತದಲ್ಲಿ ಪ್ರತಿಕಾಯ ಇಲ್ಲ ಎಂದು ವರದಿ ಬಂತು, ಅವರಿಗೆ ಮಂಗನ ಕಾಯಿಲೆ ಇಲ್ಲವೆನ್ನಬಹುದೇ? ಆ ದಿನ ವೈರಸ್ಸನ್ನೇ ಹುಡುಕುವ ಪಿಸಿಆರ್ ಮಾಡಬೇಕು ಎಂದರೆ ಎರಡು ಅಂಕ. ಹೆಸರು ನೆನಪಾಗದೆ ‘ಇನ್ನೂ ನಾಲ್ಕು ದಿನ ಬಿಟ್ಟು ಮತ್ತೆ ನೋಡಬೇಕು’ ಎಂದು ಕಾರಣ ಸಮೇತ ಬರೆದವರಿಗೂ ಎರಡು. ಕಾರಣ ಕೊಡದೆ ಬರೀ ‘ಹಾಗೆನ್ನಲಾಗದು’ ಎಂದವರಿಗೆ ಅರ್ಧ.