ಸಹಾಯವಾಣಿಯಲ್ಲಿ ಸಿಬ್ಬಂದಿ ಸಿಗುವಂತೆ ಮಾಡಿಕೊಂಡ ಬಗೆ

ಎಟಿಎಂನಲ್ಲಿ ಹಣ ಬಾರದೆ ಖಾತೆಯಿಂದ ಮಾತ್ರ ಕಡಿತವಾದ ಬಗ್ಗೆ ದೂರು ಕೊಡಲು ಮೂಡಿಗೆರೆ ಸಮೀಪದ ನಮ್ಮ ತೋಟದ ಮನೆಯಿಂದ ಬ್ಯಾಂಕಿನ ಸಹಾಯವಾಣಿಗೆ ಕರೆ ಮಾಡಿದಾಗಲೆಲ್ಲ, ಧ್ವನಿಮುದ್ರಿತ ಆಯ್ಕೆಗಳು ಮುಗಿಯುವ ಮೊದಲೇ ಸಿಗ್ನಲ್ ಹೋಗಿ ಕರೆ ಕಡಿದುಹೋಗುತ್ತಿತ್ತು. ಪದೇ ಪದೇ ಸೊನ್ನೆ ಒತ್ತಿದರೂ, ಏನೂ ಒತ್ತದೆ ಕಾದರೂ ಪ್ರಯೋಜನವಾಗಲಿಲ್ಲ.

ಪೇಟೆಗೆ ಹೋದಾಗ ಒಮ್ಮೆ ಪೂರ್ತಿ ಕೇಳಿ, ಕನ್ನಡಕ್ಕೆ 3, ಎಟಿಎಂ ದೂರಿಗೆ 2, ಸಿಬ್ಬಂದಿಗೆ 9 ಎಂದು ಬರೆದುಕೊಂಡೆ. ಫೋನಿನಲ್ಲಿ ಸಹಾಯವಾಣಿಯ ಸಂಖ್ಯೆಯ ಕೊನೆಗೆ ‘,,,3,,2,,9’ ಎಂದು ಸೇರಿಸಿ ಉಳಿಸಿದೆ. ಒಂದೊಂದು ಅಲ್ಪವಿರಾಮಕ್ಕೂ ಫೋನು ಸುಮಾರು 2 ಸೆಕೆಂಡ್ ಕಾದು, ಮುಂದಿನ ಅಂಕಿಯನ್ನು ತಾನೇ ಒತ್ತುತ್ತದೆ. ಮೊದಲು ಎರಡೇ ಅಲ್ಪವಿರಾಮ ಹಾಕಿದ್ದರಿಂದ ಸ್ವಾಗತದ ಮಾತಿನೊಳಗೆ 3 ಕಳೆದುಹೋಗಿತ್ತು. ಮೂರು ಹಾಕಿದ ಮೇಲೆ ಸಿಬ್ಬಂದಿ ಸಿಕ್ಕರು. ಪಿನ್ ಸಂಖ್ಯೆಯನ್ನು ಮಾತ್ರ ಹೀಗೆ ಉಳಿಸಲೇಬಾರದು.

ರಿಸರ್ವ್ ಬ್ಯಾಂಕಿನ 2019ರ ಸುತ್ತೋಲೆಯಂತೆ 5 ದಿನದೊಳಗೆ ಹಣ ಮರಳದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರವಿರುವುದರಿಂದ, ದೂರಿನ ಸಂಖ್ಯೆಯನ್ನು ಕೇಳಿ ಬರೆದುಕೊಳ್ಳಬೇಕು.