ಅಬಾರ್ತ್ ಪುಂಟೊಗೆ ಎಲ್‌ಎಸ್‌ಡಿ: ಬಳ್ಳಾರಿ ರಸ್ತೆಗೆ ಕೊನೆಗೂ ಒಗ್ಗಿದ್ದು ಹೆಲಿಕಲ್

145 ಎಚ್‌ಪಿಯ ಫಿಯಟ್ ಅಬಾರ್ತ್ ಪುಂಟೊ ಕಾರಿಗೆ ಎಲ್‌ಎಸ್‌ಡಿ ಯಾತಕ್ಕೆ, ಒಳ್ಳೆ ಟೈರ್ ಹಾಕಿದರೆ ಸಾಕು ಅಂದವರೇ ಬಳ್ಳಾರಿಯಲ್ಲಿ ಹೆಚ್ಚು. ಎಲ್‌ಎಸ್‌ಡಿ ಅಂದರೆ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್. ಇಂಜಿನ್ನಿನ ಬಲವನ್ನು ಎರಡು ಚಕ್ರಕ್ಕೆ ಹಂಚುವ ಗೇರುಗಳ ಗಂಟೇ ಡಿಫರೆನ್ಷಿಯಲ್ (ಡಿಫ್), ಒಂದು ಚಕ್ರ ಜಾರಿ ಸುಮ್ಮನೆ ಸುತ್ತುವುದನ್ನು ಎಲ್‌ಎಸ್‌ಡಿ ತಡೆಯುತ್ತದೆ. ಒಳ್ಳೆ ಟೈರನ್ನೂ ಹಾಕಿ ನೋಡಿದ್ದಾಯಿತು. ನಾಟಿ ಕಾಲಕ್ಕೆ ಸಿರುಗುಪ್ಪ ರಸ್ತೆಯ ಎಡಬದಿಗೆ ಟ್ರ್ಯಾಕ್ಟರುಗಳು ಎರೆಮಣ್ಣು ತಂದು ಬಳಿಯುತ್ತವೆ, ಕೊಯ್ಲಾದ ಮೇಲೆ ಅದೇ ಬದಿಯಲ್ಲಿ ಭತ್ತ ಒಣಗುತ್ತಿರುತ್ತದೆ. ತೋರಣಗಲ್ಲು, ಸಂಡೂರು ಕಡೆ ಅದಿರಿನ ಪುಡಿ. ರಾಯಚೂರಿನಿಂದ ಶಕ್ತಿನಗರದ ದಾರಿಯಲ್ಲಿ ಹಾರುಬೂದಿ. ಎಡಚಕ್ರ ಪುಡಿಯ ಮೇಲೆ, ಬಲಚಕ್ರ ಒಣ ಡಾಂಬರಿನ ಮೇಲೆ ಇದ್ದಾಗ ಲಾರಿ ಹಿಂದಿಕ್ಕಲು ಎರಡನೇ ಗೇರಲ್ಲಿ ತುಳಿದರೆ ಓಪನ್ ಡಿಫ್, ಅಂದರೆ ಕಂಪನಿಯ ಸಾದಾ ಡಿಫ್, ಬಲಚಕ್ರಕ್ಕೂ ಜಾರುವ ಎಡಚಕ್ರದಷ್ಟೇ ಟಾರ್ಕ್ (ತಿರುಗಿಸುವ ಬಲ) ಕೊಡುತ್ತದೆ. ಇಂಜಿನ್ನಿನ 212 ಎನ್‌ಎಂನಲ್ಲಿ ಬಹುಪಾಲು ವ್ಯರ್ಥ. ಟ್ರ್ಯಾಕ್ಟರ್ ಓಡಿಸುವ ಹುಡುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅವರ ಕಾಲ ಕೆಳಗೇ ಎರಡೂ ಚಕ್ರವನ್ನು ಒಟ್ಟಿಗೆ ತಿರುಗಿಸುವ ಡಿಫ್ ಲಾಕ್ ಪೆಡಲ್ ಇರುತ್ತದೆ.

ಗಾಡಿ ದಿನಬಳಕೆಯದು. ಆಫೀಸು, ಶಾಲೆ, ಸಂತೆ ಎಲ್ಲಕ್ಕೂ ಅದೇ. ಇಂಜಿನ್ 1.4 ಟಿ-ಜೆಟ್, ಗೇರ್‌ಬಾಕ್ಸ್ ಐದು ಗೇರಿನ ಸಿ510. ಕಂಪನಿ ಇಲ್ಲಿ ಪುಂಟೊ ಮಾರುವುದನ್ನು ನಿಲ್ಲಿಸಿ ವರ್ಷಗಳಾದವು, ಆದ್ದರಿಂದ ಒಂದು ಗೇರ್‌ಬಾಕ್ಸ್ ಹಾಳಾದರೆ ಇನ್ನೊಂದು ಸಿಗುವ ಖಾತ್ರಿ ಇಲ್ಲ. ಆಯ್ಕೆಯಲ್ಲಿ ಇದು ದೊಡ್ಡ ಅಂಶ.

ಮೊದಲು, ಏನು ನಿಲ್ಲಲಿಲ್ಲ ಅನ್ನುವುದು. ಡಿಫ್ ಒಳಗಿನ ಸಣ್ಣ ಸ್ಪೈಡರ್ ಗೇರುಗಳನ್ನು ವೆಲ್ಡ್ ಮಾಡುವುದು ಅಗ್ಗದ ದಾರಿ, ಲೇತ್ ಅಂಗಡಿಯಲ್ಲಿ ಎರಡು ಸಾವಿರಕ್ಕೆ ಮುಗಿಯುತ್ತದೆ. ಮುಂದಿನ ಚಕ್ರವೇ ಎಳೆಯುವ ಗಾಡಿಗೆ ಅದು ಬೇಡವೇ ಬೇಡ. ಪಾರ್ಕಿಂಗ್ ತಿರುವಿನಲ್ಲೇ ಸ್ಟೀರಿಂಗ್ ಕೈ ಮುರಿಯುವಷ್ಟು ಭಾರ, ಮುಂದಿನ ಟೈರ್ ಸವೆದು ಹೋಗುತ್ತದೆ, ಮೊದಲು ಸಾಯುವುದು ಚಕ್ರಕ್ಕೆ ಬಲ ಒಯ್ಯುವ ಆಕ್ಸಲ್ಲಿನ ಸಿವಿ ಜಾಯಿಂಟ್. ಇನ್ನೊಂದು ಪದ್ಧತಿ, ಡಿಫ್ ಒಳಗೆ ಆಕ್ಸಲ್ ಕೂರುವ ಸೈಡ್ ಗೇರಿನ ಹಿಂದೆ ದಪ್ಪ ವಾಷರ್ ಕೊಟ್ಟು ಬಿಗಿ ಮಾಡುವುದು. ಮೊದಲ ವಾರ ಅದ್ಭುತ ಅನಿಸುತ್ತದೆ. ಸಾವಿರ ಕಿಲೋಮೀಟರ್ ಆಸುಪಾಸಿಗೆ ವಾಷರ್ ಸವೆದು ಬಿಗಿ ಹೋಗುತ್ತದೆ, ಸವೆದ ಪುಡಿಯೆಲ್ಲ ಅದೇ ಎಣ್ಣೆಯಲ್ಲಿ ಸುತ್ತಿ ಬೇರಿಂಗ್ ತಿನ್ನುತ್ತದೆ. ಹಣ ಉಳಿಯಿತು ಅಂದುಕೊಂಡವರು ಬೇರಿಂಗಿಗೆ ಅದರ ನಾಲ್ಕು ಪಟ್ಟು ಕೊಡುತ್ತಾರೆ.

ಒಂದಕ್ಕೊಂದು ಒತ್ತುವ ತಟ್ಟೆಗಳ ತಿಕ್ಕಾಟದಿಂದ ಜಾರಿಕೆ ತಡೆಯುವ ಪ್ಲೇಟ್ ಮಾದರಿಯ ಎಲ್‌ಎಸ್‌ಡಿ ಬೇರೆಯದೇ ವಿಚಾರ. ರೇಸಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಚಕ್ರ ಗಾಳಿಯಲ್ಲಿದ್ದರೂ ಪ್ರಿಲೋಡ್ (ಮೊದಲೇ ಕೊಟ್ಟ ಬಿಗಿ) ಕೆಲಸ ಮಾಡುತ್ತದೆ, ರ‍್ಯಾಂಪ್ ಕೋನ ಬದಲಿಸಿ ಒನ್-ವೇ (ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಹಿಡಿಯುವುದು), ಒನ್ ಪಾಯಿಂಟ್ ಫೈವ್ (ಬಿಟ್ಟಾಗ ಸ್ವಲ್ಪ ಹಿಡಿಯುವುದು), ಟೂ-ವೇ (ಎರಡರಲ್ಲೂ ಹಿಡಿಯುವುದು) ಬೇಕಾದಂತೆ ಮಾಡಿಕೊಳ್ಳಬಹುದು. ತೊಂದರೆ ಎಣ್ಣೆಯಲ್ಲಿದೆ. ಪ್ಲೇಟಿಗೆ ಬೇಕಾದದ್ದು ಫ್ರಿಕ್ಷನ್ ಮಾಡಿಫೈಯರ್ (ತಿಕ್ಕಾಟ ತಗ್ಗಿಸುವ ದ್ರವ್ಯ) ಇರುವ ಜಿಎಲ್-5 ದರ್ಜೆಯ ಗೇರ್ ಎಣ್ಣೆ. ನಮ್ಮ ಟ್ರಾನ್ಸ್‌ಆಕ್ಸಲ್‌ನಲ್ಲಿ ಗೇರ್‌ಬಾಕ್ಸ್, ಡಿಫ್ ಒಂದೇ ಹೌಸಿಂಗಿನಲ್ಲಿರುವುದರಿಂದ ಅದೇ ಎಣ್ಣೆ ಗೇರ್ ಸಲೀಸಾಗಿ ಬೀಳಿಸುವ ಸಿಂಕ್ರೊನೈಸರಿಗೂ ಹೋಗುತ್ತದೆ, ಅದಕ್ಕೆ ಬೇಕಾದದ್ದು ಜಿಎಲ್-4. ಮಾಡಿಫೈಯರ್ ಇದ್ದರೆ ಸಿಂಕ್ರೊ ಕೋನ್ ಜಾರುತ್ತದೆ, ಎರಡನೇ ಗೇರ್ ಕರಕರ ಅನ್ನುತ್ತದೆ. ಹಾಕದಿದ್ದರೆ ಪ್ಲೇಟು ನಿಧಾನ ತಿರುವಿನಲ್ಲಿ ಕಟಕಟ ಬಡಿಯುತ್ತದೆ. ಹಿಂದಿನ ಚಕ್ರ ಎಳೆಯುವ ಗಾಡಿಗೆ ಡಿಫ್ ಹೌಸಿಂಗ್ ಬೇರೆಯೇ ಇರುವುದರಿಂದ ಈ ಜಗಳವಿಲ್ಲ. ಬಳಸಿದ ಪ್ಲೇಟ್ ಡಿಫ್ ಹಾಕಿದ ಗಾಡಿಗೆ ಐದಾರು ಸಾವಿರ ಕಿಲೋಮೀಟರಿಗೊಮ್ಮೆ ಎಣ್ಣೆ ಬದಲಿಸಬೇಕಾಯಿತು. ಬಳ್ಳಾರಿಯ ಮೇ ತಿಂಗಳ 42 ಡಿಗ್ರಿಯಲ್ಲಿ ಟ್ರಾಫಿಕ್ಕಿನಲ್ಲಿ ನಿಂತು ತಿರುಗುವಾಗ ಆ ಬಡಿತ ಕೇಳಿ ಮನೆಯವರು ಗಾಡಿ ಹತ್ತುವುದನ್ನೇ ಬಿಟ್ಟರು.

ಉಳಿದದ್ದು ಹೆಲಿಕಲ್, ಅಂದರೆ ಓರೆ ಹಲ್ಲಿನ ಗೇರುಗಳ ಒತ್ತಡದಿಂದಲೇ ಜಾರಿಕೆ ತಡೆಯುವ ಎಲ್‌ಎಸ್‌ಡಿ. ಕ್ವೈಫ್, ವೇವ್‌ಟ್ರ್ಯಾಕ್, ಪೆಲೊಕ್ವಿನ್ ಎಲ್ಲ ಇದೇ ಕುಲ. ಪ್ಲೇಟಿಲ್ಲ, ಸವೆಯುವ ಭಾಗ ಕಡಿಮೆ, ಜಿಎಲ್-4 ಎಣ್ಣೆಯೇ ಸಾಕು. ಹಿಡಿತ ಇರುವ ಚಕ್ರಕ್ಕೆ ಇಲ್ಲದ ಚಕ್ರದ ಎರಡು, ಎರಡೂವರೆ ಪಟ್ಟು ಟಾರ್ಕ್ ಕೊಡುತ್ತದೆ. ಒಂದೇ ಕೊರತೆ, ಒಂದು ಚಕ್ರ ಪೂರ್ತಿ ಗಾಳಿಗೆ ಎದ್ದರೆ ಸೊನ್ನೆಯ ಎರಡೂವರೆ ಪಟ್ಟು ಸೊನ್ನೆಯೇ. ವೇವ್‌ಟ್ರ್ಯಾಕ್ ಒಳಗಿನ ಅಲೆಯಾಕಾರದ ಹಬ್ ಅದಕ್ಕೆಂದೇ ಇದೆ. ಆದರೆ ಡಾಂಬರು, ಮಣ್ಣು, ಭತ್ತದ ಮೇಲೆ ಚಕ್ರ ನೆಲದಲ್ಲೇ ಇರುತ್ತದೆ, ಸ್ವಲ್ಪವಾದರೂ ಹಿಡಿತ ಉಳಿದಿರುತ್ತದೆ. ಎದ್ದಾಗಲೂ ಎಡಗಾಲಿನಿಂದ ಬ್ರೇಕನ್ನು ತುಸು ಒತ್ತಿದರೆ ಎದ್ದ ಚಕ್ರಕ್ಕೆ ತಡೆ ಸಿಕ್ಕಿ ಇನ್ನೊಂದಕ್ಕೆ ಬಲ ಹೋಗುತ್ತದೆ. ಸಿ510ಗೆ ಅಳತೆಗೆ ಸರಿಯಾಗಿ ಸಿಕ್ಕದ್ದು ಕ್ವೈಫ್, ಅದನ್ನೇ ತರಿಸಿದೆ.

ದುಡ್ಡು. ಡಿಫ್ ಮತ್ತು ಸಾಗಣೆ ಸೇರಿ ಸುಮಾರು ಒಂದು ಲಕ್ಷ. ಅದರ ಮೇಲೆ ಕಸ್ಟಮ್ಸ್ ಸುಂಕ ಶೇಕಡ 15, ಅದಕ್ಕೆ ಸರ್‌ಚಾರ್ಜ್, ಎಲ್ಲಕ್ಕೂ ಸೇರಿ ಐಜಿಎಸ್‌ಟಿ (ಆಮದಿನ ಜಿಎಸ್‌ಟಿ) ಆಗ ಶೇಕಡ 28. ಲೆಕ್ಕ ಹಾಕಿದರೆ ಶೇಕಡ 49ರ ಹತ್ತಿರ. ಐಜಿಎಸ್‌ಟಿ 2025ರ ಸೆಪ್ಟೆಂಬರಿನಲ್ಲಿ 18ಕ್ಕೆ ಇಳಿದಿರುವುದರಿಂದ ಈಗ ತರಿಸುವವರಿಗೆ ಹತ್ತು ಹನ್ನೆರಡು ಸಾವಿರ ಉಳಿಯುತ್ತದೆ. ಸುಂಕವನ್ನು ಸಾಗಣೆ ಖರ್ಚಿನ ಮೇಲೂ ಹಾಕುತ್ತಾರೆ, ಆದ್ದರಿಂದ ಅಗ್ಗದ ಕೊರಿಯರ್ ಎರಡು ಸಲ ಲಾಭ. ಬೇರಿಂಗ್, ಸೀಲ್, ಬೋಲ್ಟ್ ಹತ್ತು ಸಾವಿರ. ಗೇರ್‌ಬಾಕ್ಸ್ ಇಳಿಸಿದ ಮೇಲೆ ಕ್ಲಚ್ ಹಾಕದೆ ಏರಿಸುವುದು ದಡ್ಡತನ, ಅದಕ್ಕೆ ಹದಿನೆಂಟು ಸಾವಿರ. ಕೂಲಿ, ಎಣ್ಣೆ ಸೇರಿ ಎರಡು ಲಕ್ಷದ ಒಳಗೆ ಮುಗಿಯಿತು. ಡಿಫಿಗೆ ಜೀವಮಾನ ವಾರಂಟಿ ಇದೆ, ಆದರೆ ಬಳ್ಳಾರಿಯಿಂದ ಇಂಗ್ಲೆಂಡಿಗೆ ಕಳಿಸಿ ತರಿಸುವ ಖರ್ಚು ನೋಡಿದರೆ ಅದನ್ನು ಲೆಕ್ಕಕ್ಕೆ ಹಿಡಿಯಬಾರದು.

ಬಳಸಿದ ಹೆಲಿಕಲ್ ಕೊಳ್ಳುವವರಿಗೆ ಒಂದು ಮಾತು. ಎರಡೂ ಚಕ್ರ ಎತ್ತಿ, ಗಾಡಿ ಗೇರಿನಲ್ಲಿಟ್ಟು, ಒಂದನ್ನು ತಿರುಗಿಸಿದರೆ ಇನ್ನೊಂದು ಉಲ್ಟಾ ತಿರುಗುತ್ತದೆ, ಓಪನ್ ಡಿಫಿನ ಹಾಗೇ. ಇದನ್ನು ನೋಡಿ ನಕಲಿ ಮಾಲು ಅಂತ ವಾಪಸ್ ಕೊಟ್ಟವರಿದ್ದಾರೆ. ತಿರುಗಿಸುವಾಗ ಕೈಗೆ ಸ್ವಲ್ಪ ಬಿಗಿ ಸಿಗಬೇಕು, ಅಷ್ಟೇ. ಪರೀಕ್ಷೆ ಬೇಕಿದ್ದರೆ ಕೊನೆಯ ಮುಚ್ಚಳ ಬಿಚ್ಚಿಸಿ ಹಲ್ಲಿನ ಮೇಲೆ ಗುಳಿ ಇದೆಯೇ ನೋಡಿ, ಆಕ್ಸಲ್ ಕೂರುವ ಹಲ್ಲುಸಾಲು (ಸ್ಪ್ಲೈನ್) ಎಣಿಸಿ.

ಜೋಡಣೆಯಲ್ಲಿ ಲಾರಿ ಮೇಸ್ತ್ರಿಗಳು ಮೊದಲು ಕೇಳುವುದು ಕ್ರೌನ್-ಪಿನಿಯನ್ ಸೆಟ್ಟಿಂಗ್, ಅಂದರೆ ಡಿಫಿನ ದೊಡ್ಡ ಗೇರಿಗೂ ಅದನ್ನು ತಿರುಗಿಸುವ ಚಿಕ್ಕ ಗೇರಿಗೂ ಹಲ್ಲು ಹೊಂದಿಸುವುದು. ಇಲ್ಲಿ ಅದು ಇಲ್ಲ, ಡಿಫನ್ನು ತಿರುಗಿಸುವ ದೊಡ್ಡ ರಿಂಗ್ ಗೇರ್ ಸಾದಾ ಹೆಲಿಕಲ್ ಹಲ್ಲಿನದು. ಹಳೆ ಡಿಫಿನಿಂದ ರಿಂಗ್ ಬಿಚ್ಚಿ, ಕೂರುವ ಮುಖವನ್ನು ಎಣ್ಣೆಕಲ್ಲಿನಿಂದ ಒರೆಸಿ, ರಿಂಗನ್ನು ಓವನ್ನಿನಲ್ಲಿ 100 ಡಿಗ್ರಿಗೆ ಬಿಸಿ ಮಾಡಿ ಹೊಸ ಡಿಫಿನ ಮೇಲೆ ಇಳಿಸಬೇಕು. ಬಡಿದು ಕೂರಿಸಿದರೆ ಮುಖ ಕೆತ್ತಿ ರಿಂಗ್ ಓಲಾಡುತ್ತದೆ. ಬೋಲ್ಟ್ ಹೊಸದೇ, ದಾರವನ್ನು ಬ್ರೇಕ್ ಕ್ಲೀನರಿನಿಂದ ತೊಳೆದು, ಕೆಂಪು ಲಾಕ್‌ಟೈಟ್ ಹಚ್ಚಿ, ಎದುರುಬದುರು ಮೂರು ಹಂತದಲ್ಲಿ ಬಿಗಿಯಬೇಕು. ನಂತರ ಡಯಲ್ ಗೇಜಿನಲ್ಲಿ ರಿಂಗಿನ ಓಲಾಟ ನೋಡಿ, 0.05 ಮಿಮೀ ದಾಟಿದರೆ ಬಿಚ್ಚಿ ಮತ್ತೆ ಕೂರಿಸಿ. ಹಳೆಯ ಫೋಕ್ಸ್‌ವ್ಯಾಗನ್ ಗೇರ್‌ಬಾಕ್ಸಿನವರಿಗೆ ಇಲ್ಲಿ ಕೆಲಸ ಜಾಸ್ತಿ. ರಿಂಗ್ ರಿವೆಟ್ ಹೊಡೆದಿದ್ದರೆ ಅದನ್ನು ಕೊರೆದು ತೆಗೆದು ಬೋಲ್ಟ್ ಕಿಟ್ ಹಾಕಬೇಕು. ಕೊರೆದ ಪುಡಿ ಹಲ್ಲಿನೊಳಗೆ ಉಳಿದರೆ ಮುಗಿಯಿತು.

ಗೆಲ್ಲುವುದೂ ಸೋಲುವುದೂ ಬೇರಿಂಗ್ ಪ್ರಿಲೋಡಿನಲ್ಲಿ, ಅಂದರೆ ಡಿಫಿನ ಎರಡು ಬದಿಯ ಬೇರಿಂಗಿಗೆ ಮೊದಲೇ ಕೊಡುವ ಬಿಗಿಯಲ್ಲಿ. ಹೊಸ ಡಿಫಿನ ಅಗಲ ಹಳೆಯದಕ್ಕಿಂತ ಕೂದಲೆಳೆಯಷ್ಟು ಬೇರೆ ಇದ್ದೇ ಇರುತ್ತದೆ, ಹಳೆ ಶಿಮ್ (ಅಳತೆ ತುಂಬುವ ತೆಳು ಬಳೆ) ಹಾಗೇ ಹಾಕಿದವರ ಗೇರ್‌ಬಾಕ್ಸ್ ಆರು ತಿಂಗಳಲ್ಲಿ ಊಳಿಡುತ್ತದೆ. ಹೌಸಿಂಗ್ ಅಲ್ಯುಮಿನಿಯಂ, ಡಿಫು ಮತ್ತು ಬೇರಿಂಗ್ ಉಕ್ಕು. ಡಿಗ್ರಿಗೆ ಅಲ್ಯುಮಿನಿಯಂ ಹತ್ತು ಲಕ್ಷಕ್ಕೆ 23 ಪಾಲು ಹಿಗ್ಗಿದರೆ ಉಕ್ಕು 12. ಎರಡು ಬೇರಿಂಗಿನ ನಡುವೆ ಸುಮಾರು 130 ಮಿಮೀ ಇದೆ. ಬೆಳಗ್ಗೆ 30 ಡಿಗ್ರಿಯಲ್ಲಿ ಅಳೆದದ್ದು ಸಂಡೂರು ಘಾಟಿಯಲ್ಲಿ 110 ಮುಟ್ಟಿದಾಗ ಹೌಸಿಂಗು ಡಿಫಿಗಿಂತ 0.11 ಮಿಮೀ ಹೆಚ್ಚು ಅಗಲವಾಗಿರುತ್ತದೆ. ತಣ್ಣಗಿದ್ದಾಗ 0.1 ಮಿಮೀ ಪ್ರಿಲೋಡ್ ಕೊಟ್ಟಿದ್ದರೆ ಬಿಸಿಯಲ್ಲಿ ಪೂರ್ತಿ ಸಡಿಲ. ರಿಂಗ್ ಪಿನಿಯನ್ನಿನಿಂದ ದೂರ ಸರಿದು ಹಲ್ಲಿನ ತುದಿಯಲ್ಲಿ ಕಚ್ಚುತ್ತದೆ, ಆ ಊಳು ಅಲ್ಲಿಂದಲೇ. ಹಾಗಂತ ಜಾಸ್ತಿ ಬಿಗಿದರೆ ಬೇರಿಂಗ್ ಸುಡುತ್ತದೆ. ಶಿಮ್ ಇಲ್ಲದೆ ಹೌಸಿಂಗ್ ಮುಚ್ಚಿ, ಬೋಲ್ಟ್ ಪೂರ್ತಿ ಬಿಗಿದು, ಡಯಲ್ ಗೇಜಿನಲ್ಲಿ ಆಟ ಅಳೆದು, ಅದರ ಮೇಲೆ ಪ್ರಿಲೋಡ್ ಸೇರಿಸಿ ಶಿಮ್ ಆರಿಸುವುದು ಎಲ್ಲರಿಗೂ ಗೊತ್ತಿರುವ ದಾರಿ. ಆಮೇಲೆ ಎಷ್ಟು ಸೇರಿಸುತ್ತೇನೆ ಮತ್ತು ಅಳೆಯುವ ಮೊದಲು ಹೌಸಿಂಗಿಗೆ ಏನು ಮಾಡುತ್ತೇನೆ ಅನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ, ಅದಕ್ಕೆ ಬೇಕಾದಷ್ಟು ಬೇರಿಂಗ್ ತೆತ್ತಾಗಿದೆ.

ಎಣ್ಣೆ 75ಡಬ್ಲ್ಯೂ-85 ಜಿಎಲ್-4, ಎರಡು ಲೀಟರಿಗಿಂತ ಕಡಿಮೆ ಹಿಡಿಯುತ್ತದೆ. ಬೇಸಿಗೆಗೆ ದಪ್ಪ ಇರಲಿ ಅಂತ 75ಡಬ್ಲ್ಯೂ-90 ಹಾಕಿ ನೋಡಿದೆ. ಘಾಟಿ ಏರಿ ನಿಂತಾಗ ಹೌಸಿಂಗಿನ ಹೊರಗೆ ಟೆಂಪರೇಚರ್ ಗನ್ ತೋರಿಸಿದ್ದರಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ, ಡಿಸೆಂಬರಿನ ಬೆಳಗ್ಗೆ ಎರಡನೇ ಗೇರ್ ಮಾತ್ರ ಗಟ್ಟಿಯಾಯಿತು. ವಾಪಸ್ 85ಕ್ಕೇ ಬಂದೆ.

ಅದಿರಿನ ನಾಡಿನಲ್ಲಿ ಗೇರ್‌ಬಾಕ್ಸ್ ಬ್ರೀದರ್ (ಒಳಗಿನ ಗಾಳಿ ಹೊರಬಿಡುವ ತೂತು) ಮರೆಯಬೇಡಿ. ಆ ಸಣ್ಣ ಟೋಪಿಯೊಳಗೆ ಕೆಂಪುಧೂಳು ಕೂತು ಉಸಿರು ಕಟ್ಟಿದರೆ ಬಿಸಿ ಎಣ್ಣೆಯ ಒತ್ತಡ ಆಕ್ಸಲ್ ಸೀಲಿನಿಂದ ಹೊರಬರುತ್ತದೆ, ಜನ ಹೊಸ ಡಿಫನ್ನು ಬಯ್ಯುತ್ತಾರೆ. ಬ್ರೀದರಿಗೆ ಒಂದಡಿ ರಬ್ಬರ್ ಪೈಪ್ ಸೇರಿಸಿ ಬಾಯಿಯನ್ನು ಮೇಲಕ್ಕೆ, ಫೈರ್‌ವಾಲ್ ಹತ್ತಿರ ಕಟ್ಟಿ. ಮ್ಯಾಗ್ನೆಟ್ ಇರುವ ಡ್ರೈನ್ ಪ್ಲಗ್ ಬಿಚ್ಚುವ ಮೊದಲು ಸುತ್ತಲೂ ತೊಳೆಯಿರಿ, ಇಲ್ಲದಿದ್ದರೆ ಹೊರಗಿನ ಅದಿರಿನ ಪುಡಿ ಅಂಟಿ ಲೆಕ್ಕ ತಪ್ಪಿಸುತ್ತದೆ. ಬೂದುಬಣ್ಣದ ನುಣ್ಣನೆ ಪೇಸ್ಟ್ ಸಹಜ. ಬೆರಳಿಗೆ ಚುಚ್ಚುವ ಚಕ್ಕೆ ಸಿಕ್ಕರೆ ಗಾಡಿ ನಿಲ್ಲಿಸಿ.

ಓಡಿಸುವಾಗ ಒಂದನ್ನು ಒಪ್ಪಿಕೊಳ್ಳಬೇಕು. ಥ್ರಾಟಲ್ ಒತ್ತಿದಾಗ ಸ್ಟೀರಿಂಗ್ ರಸ್ತೆಯ ಇಳಿಜಾರನ್ನು ಹುಡುಕುತ್ತದೆ, ಲಾರಿಗಳು ಕೊರೆದ ಗಾಲಿಜಾಡಿನಲ್ಲಿ ಇನ್ನಷ್ಟು. ಎರಡೂ ಟೈರಿನ ಗಾಳಿ ಸಮ ಇರಲಿ, ಸವೆತದ ವ್ಯತ್ಯಾಸ ಎರಡು ಮಿಮೀ ದಾಟುವ ಮೊದಲು ಜೋಡಿಯಾಗಿ ಬದಲಿಸಿ. ಟೋ, ಅಂದರೆ ಮುಂದಿನ ಚಕ್ರಗಳು ಒಳಗೆ ಅಥವಾ ಹೊರಗೆ ತಿರುಗಿರುವ ಅಳತೆ, ಸೊನ್ನೆಗೆ ಇಟ್ಟರೆ ಎಳೆತ ಅರ್ಧ ಕಡಿಮೆಯಾಗುತ್ತದೆ, ಕಂಪನಿಯ ಟೋ ಅಂಕಿ ಓಪನ್ ಡಿಫಿಗೆ ಬರೆದದ್ದು. ಗಾಡಿಯ ಮೂಲ ಸ್ಪೆಸಿಫಿಕೇಶನ್ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ, ವಿಮೆಯವರಿಗೂ ಬರೆದು ತಿಳಿಸಿ.

ಫಲಿತಾಂಶ: ಭತ್ತದ ಮೇಲೆ, ಎರೆಮಣ್ಣಿನ ಮೇಲೆ ಲಾರಿ ದಾಟುವಾಗ ಎಡಚಕ್ರ ಕಿರುಚುವುದು ನಿಂತಿದೆ. ಘಾಟಿಯ ಹೇರ್‌ಪಿನ್‌ನಲ್ಲಿ ಎರಡನೇ ಗೇರಿನಲ್ಲಿ ಮೊದಲಿಗಿಂತ ಒಂದು ಕಾರಿನುದ್ದ ಮುಂಚೆ ಥ್ರಾಟಲ್ ಒತ್ತಬಹುದು. ಮುಂದಿನ ಟೈರಿನ ಒಳ ಅಂಚು, ಹೊರ ಅಂಚು ಈಗ ಒಂದೇ ಸಮ ಸವೆಯುತ್ತಿವೆ. ಮೈಲೇಜಿನಲ್ಲಿ ಬದಲಾವಣೆ ಇಲ್ಲ. ಯಾತಕ್ಕೆ ಅಂದವರಲ್ಲಿ ಇಬ್ಬರು ಕೊಪ್ಪಳದಿಂದ ಬಂದು ಓಡಿಸಿ ನೋಡಿ ತಮ್ಮ ಗಾಡಿಗೂ ಡಿಫ್ ತರಿಸುತ್ತಿದ್ದಾರೆ. ಒಬ್ಬನದು ರಿವೆಟ್ ರಿಂಗ್, ಅದಕ್ಕೆ ಕೊರೆಯುವ ಜಿಗ್ ಲೇತ್‌ನಲ್ಲಿ ತಯಾರಾಗುತ್ತಿದೆ.